ಬಾರುಕೋಲು

ಬೇಸಿಗೆ ರಜೆಯಲ್ಲಿ ಮಳವಳ್ಳಿ ಕಡೆಯ ಒಂದೂರಿಗೆ ಜೋಡೆತ್ತಿನ ಗಾಡಿ ಓಟ ನೋಡಲು ಹೋದೆ. ಅಪ್ಪನ ಹೆಗಲ ಮೇಲೆ ಕೂತು ನೋಡಿದ ಆಟ, ಚಟ ಎಲ್ಲಿ ಹೋಗುತ್ತದೆ? ಹಳ್ಳಿಕಾರ್ ಎತ್ತುಗಳು ದೂಳೆಬ್ಬಿಸಿ ಬಂದಾಗ ಮೊಬೈಲಿನಲ್ಲಿ ಚಿತ್ರ ಹಿಡಿದೆ. ಕೂಗಿದೆ ಕೂಡ.

ರಾತ್ರಿ ಮದ್ದೂರಿನ ಮನೆಯಲ್ಲಿ ಅದನ್ನೇ ನಿಧಾನವಾಗಿ ಓಡಿಸಿ ನೋಡಿದೆ. ಅಷ್ಟು ದೂರ ಸುಮ್ಮನಿದ್ದ ಬಾರುಕೋಲು, ಗಾಡಿಯವನು ನನ್ನ ಮೊಬೈಲಿನತ್ತ ತಿರುಗಿದ ಮೇಲೆ ಮೂರು ಸಲ ಬಿತ್ತು. ಎಡಗಡೆ ಎತ್ತಿನ ಕಣ್ಣು ಬೆಳ್ಳಗೆ ಹೊರಳಿತು. ಬಯಲಿನಲ್ಲಿ ನಿಂತಾಗ ಇದೊಂದೂ ನನಗೆ ಕಂಡಿರಲಿಲ್ಲ.

2014ರಲ್ಲಿ ಸುಪ್ರೀಂ ಕೋರ್ಟು ಇಂಥ ಓಟ ನಿಲ್ಲಿಸಿತ್ತು. ಅನಗತ್ಯ ನೋವು ಕೊಡಬಾರದೆಂಬ ಷರತ್ತಿನ ಮೇಲೆ 2017ರಲ್ಲಿ ನಮ್ಮ ರಾಜ್ಯ ಕಾಯ್ದೆ ತಿದ್ದಿತು. 2023ರಲ್ಲಿ ಕೋರ್ಟೂ ಒಪ್ಪಿತು. ಷರತ್ತೇನೋ ಎತ್ತು ಹೊಡೆಯುವವನಿಗೆ. ನೋಡುವವರಿಗೆ? ಓಟವೂ ಇಲ್ಲದಿದ್ದರೆ ಟ್ರಾಕ್ಟರಿನ ಕಾಲದಲ್ಲಿ ಈ ಎತ್ತುಗಳನ್ನು ಯಾರು ಸಾಕುತ್ತಾರೆ ಎನ್ನುವ ನಮ್ಮಣ್ಣನ ಮಾತನ್ನು ತಳ್ಳಿಹಾಕಲಾರೆ; ಎತ್ತಿಗೆ ಹುರುಳಿ ಬೇಯಿಸಿಟ್ಟು ತಾನು ತಂಗಳು ಉಣ್ಣುವವನು ಆತ. ಆದರೆ ಆ ಮೂರು ಏಟು ಗೆಲ್ಲುವುದಕ್ಕೆ ಬಿದ್ದದ್ದಲ್ಲ, ನನ್ನ ಚಿತ್ರಕ್ಕೆ.

ಗಾಡಿಯವನ ಮಗ ನನ್ನ ತರಗತಿಯ ಹುಡುಗ. ಶಾಲೆ ತೆರೆದ ದಿನವೇ, “ಮಿಸ್, ನಮ್ಮಪ್ಪಂದು ವಿಡಿಯೋ ಐತಂತೆ, ಕಳ್ಸಿ ಮಿಸ್” ಎಂದ. ಗೆರೆ ದಾಟುವ ಕೊನೆಯ ತುಂಡನ್ನಷ್ಟೇ ಕತ್ತರಿಸಿ ಕಳಿಸಿದೆ. ಉಳಿದದ್ದು ನನ್ನ ಮೊಬೈಲಿನಲ್ಲೇ ಇದೆ.