ಕರಗುವ ಕಾಲದ ತಾಳ್ಮೆ



ವಚನಗಳಲ್ಲಿ ಬರುವ ವಾರಿಕಲ್ಲು, ಎಂದರೆ ಆಲಿಕಲ್ಲು, ನೀರಿನದೇ ಘನರೂಪ. ಅದರ ಕಣಗಳು ಪರಸ್ಪರ ಬಿಗಿಹಿಡಿದು, ತಮ್ಮ ಸ್ಥಾನದಲ್ಲಿಯೇ ಕಂಪಿಸುತ್ತಿರುತ್ತವೆ, ನೀರಾದಾಗ ಹರಿದಾಡುತ್ತವೆ, ಆವಿಯಾದಾಗ ಹಿಡಿತವನ್ನೇ ತೊರೆದು ಚದರುತ್ತವೆ. ರೂಪ ಮೂರು, ಕಣ ಒಂದೇ.

0 ಡಿಗ್ರಿಯ ಮಂಜುಗಡ್ಡೆಗೆ ಶಾಖವಿತ್ತರೆ, ಅದು ಪೂರ್ತಿ ಕರಗುವವರೆಗೆ ಉಷ್ಣಮಾಪಕವು ಮೇಲೇರದು. ಒಂದು ಗ್ರಾಂ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಆ ಶಾಖ ವ್ಯರ್ಥವಾಯಿತೇ? ಇಲ್ಲ, ಕಣಗಳ ಬಿಗಿತವನ್ನು ಸಡಿಲಿಸಿತು. ವಿಜ್ಞಾನಿಗಳು ಇದನ್ನು ಗುಪ್ತೋಷ್ಣವೆನ್ನುವರು.

ಬಹುಕಾಲ ಲಿಂಗಪೂಜೆ ಮಾಡಿಯೂ ಮನಸ್ಸು ಬದಲಾಗಲಿಲ್ಲವೆಂದು ಕೊರಗಿ, ಪೂಜೆಯನ್ನೇ ಬಿಡುವ ಗೃಹಸ್ಥರು ಇದನ್ನು ಮನಗಾಣಬೇಕು. 'ನಾನು, ನನ್ನದು' ಎಂಬ ಬಿಗಿತವು ಒಳಗೇ ಸಡಿಲುತ್ತಿರಬಹುದು. ಶೀತದಲ್ಲಿ ಶಾಖ ತಪ್ಪಿದರೆ ಕರಗಿದ ನೀರೂ ಮತ್ತೆ ಹೆಪ್ಪುಗಟ್ಟುವುದು. ಆದುದರಿಂದ ಪೂಜೆ, ಕಾಯಕ, ದಾಸೋಹಗಳ ಕಾವು ಆರದಿರಲಿ.