ಎರಡನೇ ಸಲ ಕೇಳಿದ ಪ್ರಶ್ನೆ

ತಂಗಿಯ ಮಗ ಮೂರನೇ ಕ್ಲಾಸು. ಅವನ ಕಾಪಿ ಪುಸ್ತಕದಲ್ಲಿ ‘ಸೂರ್ಯ’ ಎಂದು ಐದು ಸಲ ಬರೆದಿದ್ದ. ಐದಕ್ಕೂ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ‘ಯ’ದ ಬಲಕ್ಕೆ ಬರಬೇಕಾದ ಅರ್ಕಾವೊತ್ತನ್ನು ಅವನು ‘ಸೂ’ಗೂ ‘ಯ’ಗೂ ನಡುವೆ ತಂದು ಕೂರಿಸಿದ್ದ. “ಯಾಕೋ ಇಲ್ಲಿ ಹಾಕಿದೀಯ?” ಅಂದೆ. “ಮಾವ, ನೀನೇ ಹೇಳಿ ನೋಡು. ಸೂರ್... ಯ. ರ್ ಮೊದಲು ಬರತ್ತಲ್ಲ?”

ಹೇಳಿ ನೋಡಿದೆ. ಮೊದಲು ಬರುವುದು ‘ರ್’ ಹೌದು. ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ ಎಂದು ನಾವು ಬೀಗುವ ಲಿಪಿ ಅರ್ಕಾವೊತ್ತಿನ ವಿಷಯದಲ್ಲಿ ಮಾತು ತಪ್ಪಿದೆ: ಕಿವಿಗೆ ಮೊದಲು ಬೀಳುವುದನ್ನು ಕೈ ಆಮೇಲೆ ಬರೆಯುತ್ತದೆ. ಲಿಪಿ ಮುರಿದ ನಿಯಮವನ್ನು ಎಂಟು ವರ್ಷದ ಹುಡುಗ ಪಾಲಿಸಿದ್ದ. ರಕಾರಕ್ಕೆ ಯ ಒತ್ತು ಕೊಟ್ಟು ಬರೆದಿದ್ದರೆ ಅದನ್ನು ಒಪ್ಪುವವರೂ ಇದ್ದಾರೆ, ಆ ಮಾತು ಬೇರೆ. ಕಾಗುಣಿತ ಕಲಿಸಬೇಡಿ ಎನ್ನುತ್ತಿಲ್ಲ. ಊರಿಗೆಲ್ಲ ಒಂದೇ ಬರಹ ಬೇಕು, ಅವನು ತಿದ್ದಿಕೊಳ್ಳಲೇಬೇಕು. ಆದರೆ ಆ ಕೆಂಪು ಸುತ್ತು ಹೇಳಿದ್ದು ಹುಡುಗನ ಬರಹ ನಮ್ಮ ಬರಹಕ್ಕೆ ಹೊಂದಲಿಲ್ಲ ಎಂಬುದನ್ನು ಮಾತ್ರ. ಅವನ ತಲೆಯೊಳಗೆ ಏನು ನಡೆಯಿತು ಎಂಬುದನ್ನು ಅದು ಕೇಳಲೇ ಇಲ್ಲ.

ಹೀಗೆ ಕೇಳುವ ಅಭ್ಯಾಸ ಶುರುವಾದದ್ದು ಒಂದು ಬೇಸರದ ಕೆಲಸದಿಂದ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪ್ಯಾರಿಸ್ಸಿಗೆ ಬಂದ ಸ್ವಿಸ್ ತರುಣ ಜೀನ್ ಪಿಯಾಜೆಗೆ, ಇಂಗ್ಲಿಷಿನ ತರ್ಕಪರೀಕ್ಷೆಯೊಂದನ್ನು ಫ್ರೆಂಚ್ ಮಕ್ಕಳ ಮೇಲೆ ಪ್ರಯೋಗಿಸಿ ಸರಿಯುತ್ತರ ಎಣಿಸುವ ಕೆಲಸ ಸಿಕ್ಕಿತು. ಎಣಿಸುತ್ತ ಹೋದವನಿಗೆ ಸರಿಯುತ್ತರಗಳಿಗಿಂತ ತಪ್ಪುಗಳೇ ಕುತೂಹಲ ಹುಟ್ಟಿಸಿದವು. ಒಂದೇ ವಯಸ್ಸಿನ ಮಕ್ಕಳ ತಪ್ಪುಗಳಲ್ಲಿ ಒಂದು ಹೋಲಿಕೆ ಇತ್ತು. ಹಾಗಾದರೆ ಇದು ಅರೆಬರೆ ಬುದ್ಧಿಯಲ್ಲ, ಬೇರೆಯೇ ಒಂದು ಬುದ್ಧಿ ಎಂದು ಅವನಿಗೆ ಹೊಳೆಯಿತು. ಆಮೇಲಿನ ಅರ್ಧ ಶತಮಾನದ ಕೆಲಸಕ್ಕೆಲ್ಲ ಬೇರು ಅಲ್ಲಿದೆ.

ಆ ಕೆಲಸವನ್ನು ನಾವು ಏನು ಮಾಡಿಕೊಂಡೆವು? ನಮ್ಮ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಶಿಶು ವಿಕಸನಕ್ಕೆ 30 ಅಂಕ. ಪಿಯಾಜೆ ಹೇಳಿದ ಬೆಳವಣಿಗೆಯ ಹಂತಗಳಲ್ಲಿ ‘ಮೂರ್ತ ಕಾರ್ಯಗಳ ಹಂತ’ ಯಾವ ವಯಸ್ಸಿನಲ್ಲಿ? ನಾಲ್ಕು ಆಯ್ಕೆ, ಒಂದಕ್ಕೆ ಗುರುತು ಹಾಕಿ. ಸರಿಯುತ್ತರ ಎಣಿಸುವ ಕೆಲಸದಿಂದ ಬೇಸತ್ತವನನ್ನು ನಾವು ಸರಿಯುತ್ತರವಾಗಿಸಿ ಎಣಿಸುತ್ತಿದ್ದೇವೆ. ಅವನು ಹೇಳಿದ ಹಂತಗಳು ತರಗತಿಗೆ ಬರುವ ಹೊತ್ತಿಗೆ ರೈಲಿನ ವೇಳಾಪಟ್ಟಿಯಾಗಿರುತ್ತವೆ. ಏಳಕ್ಕೆ ಬರಬೇಕಿತ್ತು, ಒಂಬತ್ತಾದರೂ ಬಂದಿಲ್ಲ, ಆದ್ದರಿಂದ ಈ ಮಗು ‘ಲೇಟು’.

ಪಿಯಾಜೆಯೂ ತಪ್ಪಿಗೆ ಹೊರತಲ್ಲ. ಅವನ ಹೆಸರಾಂತ ಪ್ರಯೋಗವೊಂದರಲ್ಲಿ ಎರಡು ಸಾಲು ಬಿಲ್ಲೆಗಳನ್ನು ಸಮನಾಗಿ ಜೋಡಿಸಿ, ಎರಡರಲ್ಲೂ ಅಷ್ಟೇ ಇವೆಯೇ ಎಂದು ಮಗುವನ್ನು ಕೇಳುತ್ತಾರೆ. ಹೌದು ಅನ್ನುತ್ತದೆ. ಮಗುವಿನ ಕಣ್ಣೆದುರೇ ಒಂದು ಸಾಲಿನ ಬಿಲ್ಲೆಗಳನ್ನು ದೂರದೂರ ಸರಿಸಿ ಮತ್ತೆ ಅದೇ ಪ್ರಶ್ನೆ. ನಾಲ್ಕೈದು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಈಗ ಉದ್ದದ ಸಾಲಿನಲ್ಲೇ ಜಾಸ್ತಿ ಇವೆ ಅನ್ನುತ್ತಾರೆ. ಸಂಖ್ಯೆ ಬದಲಾಗಿಲ್ಲ ಎಂಬ ಅರಿವು ಇನ್ನೂ ಮೂಡಿಲ್ಲ ಎಂದು ಪಿಯಾಜೆ ಬರೆದುಕೊಂಡ.

1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗಕ್ಕೆ ಒಂದು ಗೊಂಬೆ ಸೇರಿಸಿದರು. ಈ ಸಲ ಬಿಲ್ಲೆ ಸರಿಸುವವರು ದೊಡ್ಡವರಲ್ಲ. ಪೆಟ್ಟಿಗೆಯೊಳಗಿಂದ ತುಂಟ ಕರಡಿಯೊಂದು ನುಗ್ಗಿ ಬಂದು ಆಟವನ್ನೆಲ್ಲ ಕೆಡಿಸಿಬಿಡುತ್ತದೆ. ಆಮೇಲೆ ಮಕ್ಕಳನ್ನು ಅದೇ ಮಾತು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಷ್ಟೇ ಇವೆ ಎಂದರು. ಅರಿವು ಮೊದಲೇ ಇತ್ತು. ಹಾಗಾದರೆ ಮೊದಲು ಕೆಟ್ಟದ್ದು ಏನು? ಡೊನಾಲ್ಡ್‌ಸನ್ ಕೊಟ್ಟ ವಿವರಣೆ ನಮ್ಮಲ್ಲಿ ಶಾಲೆಗೆ ಹೋದ ಯಾರಿಗೂ ಹೊಸದಲ್ಲ. ದೊಡ್ಡವರೊಬ್ಬರು ಬೇಕೆಂದೇ ಏನೋ ಮಾಡಿ, ಒಮ್ಮೆ ಉತ್ತರಿಸಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಮಗುವಿಗೆ ಅದು ಬೇರೆ ಉತ್ತರ ಕೊಡು ಎಂದು ಹೇಳಿದ ಹಾಗೆ ಕೇಳಿಸುತ್ತದೆ. ಮೇಷ್ಟ್ರು ಹುಬ್ಬೇರಿಸಿ “ಹೌದಾ? ಇನ್ನೊಂದ್ಸಲ ಹೇಳು” ಅಂದಾಗ ಎದ್ದುನಿಂತ ನಾವೆಷ್ಟು ಜನ ಉತ್ತರ ಬದಲಿಸಿಲ್ಲ? ಮಗು ಬಿಲ್ಲೆಯನ್ನು ಬಿಟ್ಟು ಕೇಳುವವರ ಮುಖ ಓದುತ್ತಿತ್ತು. ಆ ಓದು ಅದಕ್ಕೆ ಚೆನ್ನಾಗಿಯೇ ಬರುತ್ತಿತ್ತು.

ಯಾವ ಉತ್ತರವೂ ಮಗುವಿನ ಆಸ್ತಿ ಮಾತ್ರವಲ್ಲ ಎಂದು ನನಗೆ ಅನಿಸುವುದು ಇಲ್ಲಿ. ಮಗುವೂ ಪ್ರಶ್ನೆಯೂ ಮುಖಾಮುಖಿಯಾದಾಗ ಹುಟ್ಟಿದ್ದು ಅದು. ಅದರಲ್ಲಿ ಕೇಳಿದವರ ಪಾಲೂ ಇದೆ. ಬ್ರೆಜಿಲಿನ ರೆಸಿಫೆ ಪಟ್ಟಣದಲ್ಲಿ ಬೀದಿಬದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು 1980ರ ದಶಕದಲ್ಲಿ ಸಂಶೋಧಕರು ಮೊದಲು ಅವರ ಅಂಗಡಿಯಲ್ಲೇ ನಿಂತು, ಗಿರಾಕಿಗಳಾಗಿ ಪರೀಕ್ಷಿಸಿದರು. ನೂರಕ್ಕೆ 98 ಸರಿ. ಆಮೇಲೆ ಅಂಥದೇ ಲೆಕ್ಕವನ್ನು ಅದೇ ಮಕ್ಕಳಿಗೆ ಬರೀ ಅಂಕಿಗಳಾಗಿ ಕೊಟ್ಟರು. ನೂರಕ್ಕೆ 37. ಈಚೆಗೆ ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳಲ್ಲೂ ಇದೇ ಕಂಡಿದೆ. ಜೊತೆಗೆ ಉಲ್ಟಾ ಕೂಡ, ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಸಂತೆಯ ಲೆಕ್ಕ ಬರಲಿಲ್ಲ. ಈ ಎರಡನೆಯವರನ್ನು ಯಾರೂ ದಡ್ಡರೆನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಬುದ್ಧಿಗೆ ಅಳತೆಗೋಲು ಮಾಡಿಕೊಟ್ಟವನಿಗೆ, ಉತ್ತರವನ್ನು ಮಗುವೊಂದರದೇ ಆಸ್ತಿಯೆಂದು ಓದುವ ಈ ಅಪಾಯ ಗೊತ್ತಿತ್ತು. ಮಾಮೂಲಿ ಪಾಠ ಯಾರಿಗೆ ಸಾಲದು, ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ಪತ್ತೆಮಾಡಲು ಆಲ್ಫ್ರೆಡ್ ಬಿನೆ 1905ರಲ್ಲಿ ಸಹೋದ್ಯೋಗಿ ಸಿಮೋನ್ ಜೊತೆಗೂಡಿ ತನ್ನ ಪರೀಕ್ಷೆಯನ್ನು ರೂಪಿಸಿದ. ಬುದ್ಧಿ ಹುಟ್ಟಿನಿಂದಲೇ ಗೊತ್ತಾದ, ಏರಿಸಲಾಗದ ಮೊತ್ತ ಎಂಬ ವಾದವನ್ನು ಅವನು ಕಟುವಾಗಿ ವಿರೋಧಿಸಿದ್ದ. 1911ರಲ್ಲಿ ತೀರಿಕೊಂಡ. ಮರುವರ್ಷವೇ ಜರ್ಮನಿಯ ಸ್ಟರ್ನ್ ಆ ಪರೀಕ್ಷೆಯ ಫಲಿತಾಂಶವನ್ನು ಒಂದು ಭಾಗಲಬ್ಧವಾಗಿಸಿದ. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನೇ ಐಕ್ಯೂ ಎಂಬ ಅಂಕಿಯಾಗಿ ಪ್ರಚಾರಕ್ಕೆ ತಂದ. 1927ರ ಹೊತ್ತಿಗೆ ಆ ದೇಶದ ಸುಪ್ರೀಂ ಕೋರ್ಟು ‘ಮಂದಬುದ್ಧಿಯವರು’ ಎಂದು ಹೆಸರಿಟ್ಟವರಿಗೆ ಬಲವಂತದ ಸಂತಾನಹರಣ ಸರಿಯೆಂದಿತು. ನೆರವಿಗೆಂದು ಮಾಡಿದ ಚೀಟಿ ಇಷ್ಟು ದೂರ ಹೋಯಿತು. ನಮ್ಮಲ್ಲಿ ವಿ.ವಿ. ಕಾಮತರು 1930ರ ದಶಕದಲ್ಲಿ ಅದೇ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ನಮ್ಮ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿದೆ.

ಹಾಗಾದರೆ ಚೀಟಿಯನ್ನೇ ಹರಿದುಹಾಕೋಣವೇ? ಎಲ್ಲ ಮಕ್ಕಳೂ ಒಂದೇ, ಎಲ್ಲರೂ ಹೂಗಳು ಎನ್ನುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಕಿವಿ ಕೇಳದ ಮಗುವಿಗೆ ಮೊದಲ ಮೂರ್ನಾಲ್ಕು ವರ್ಷದಲ್ಲಿ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಗಬೇಕು, ಸನ್ನೆಭಾಷೆಯಾದರೂ ಸರಿ. ಸಿಗದೆ ಹೋದರೆ ಆಮೇಲೆ ಅದನ್ನು ತುಂಬಿಕೊಡುವುದು ಬಲು ಕಷ್ಟ. ‘ನಮ್ಮ ಕಡೆ ಗಂಡುಮಕ್ಕಳಿಗೆ ಮಾತು ತಡ’ ಎಂದು ಅಜ್ಜಿ ಸಮಾಧಾನ ಹೇಳುತ್ತ ಕಳೆದ ವರ್ಷಗಳು ವಾಪಸು ಬರುವುದಿಲ್ಲ. ಗುರುತಿಸದೆ ಇರುವುದೂ ಕ್ರೌರ್ಯವೇ.

ಗುರುತಿಸಬೇಕು, ಆದರೆ ಆ ಗುರುತು ಯಾರ ಮೇಲೆ ಎಂಬುದು ನನ್ನ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ; ಕಲಿಕಾ ನ್ಯೂನತೆಯೂ ಅದರಲ್ಲಿದೆ. ಅದರ ವ್ಯಾಖ್ಯೆ ಸೊಗಸಾಗಿದೆ. ದೀರ್ಘಕಾಲದ ನ್ಯೂನತೆಯೊಂದು ಸುತ್ತಲಿನ ಅಡೆತಡೆಗಳಿಗೆ ಎದುರಾದಾಗ ಮನುಷ್ಯನಿಗೆ ಸಮಾಜದಲ್ಲಿ ಸರಿಸಮನಾಗಿ ಪಾಲುಗೊಳ್ಳಲು ಆಗದೆ ಹೋಗುವುದು ಎಂದು ಅದರ ತಾತ್ಪರ್ಯ. ಅಂದರೆ ವೈಕಲ್ಯಕ್ಕೆ ಎರಡು ಪಾಲುದಾರರು: ಒಂದು ದೇಹ, ಇನ್ನೊಂದು ಎದುರಿಗಿರುವ ಗೋಡೆ. ಆದರೆ ಅದೇ ಕಾಯ್ದೆಯ ಬಹುಪಾಲು ಸವಲತ್ತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇರಬೇಕೆಂಬ ಮಿತಿ ಇದೆ, ಮತ್ತು ವೈದ್ಯಕೀಯ ಮಂಡಳಿ ಅಳೆಯುವುದು ದೇಹವನ್ನೊಂದೇ. ಶಾಲೆಯ ಮೆಟ್ಟಿಲಿಗೆ ಶೇಕಡಾ ಎಷ್ಟು, ಕರಿಹಲಗೆಗೆ ಮುಖಮಾಡಿ ಬೆನ್ನು ತೋರಿಸಿ ಪಾಠ ಹೇಳುವ ಮೇಷ್ಟರಿಗೆ ಎಷ್ಟು, ಗೋಡೆ ನಡುಗುವಂತೆ ಬಾರಿಸುವ ಗಂಟೆಗೆ ಎಷ್ಟು? ಆ ಕಾಲಮ್ಮು ಅರ್ಜಿಯಲ್ಲಿಲ್ಲ.

ಈ ಎರಡನೇ ಪಾಲುದಾರನನ್ನು ಕಾಯ್ದೆಗಿಂತ ತೊಂಬತ್ತು ವರ್ಷ ಮೊದಲೇ ಹಿಡಿದವನು ರಷ್ಯಾದ ಲೆವ್ ವೈಗಾಟ್‌ಸ್ಕಿ. 37 ವರ್ಷಕ್ಕೆ ಕ್ಷಯದಿಂದ ಸತ್ತ ಅವನು ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ‘ಸಮೀಪ ವಿಕಾಸ ವಲಯ’ (ನೆರವು ಸಿಕ್ಕರೆ ಮಗು ತಲುಪಬಲ್ಲ ಎಡೆ) ಎಂಬ ಒಂದು ಪದವಾಗಿ ಉಳಿದಿದ್ದಾನೆ. ಅವನು ಕುರುಡು, ಕಿವುಡು ಮಕ್ಕಳ ನಡುವೆ ಕೆಲಸ ಮಾಡಿದ್ದನ್ನು ಪುಸ್ತಕಗಳು ಹೇಳುವುದು ಕಡಿಮೆ. ಕಣ್ಣಿಲ್ಲದಿರುವುದು ಆ ಮಗುವಿಗೆ ಹುಟ್ಟಿದಂದಿನಿಂದ ಇರುವ ಲೋಕ. ಅದು ಕೊರತೆಯಾಗುವುದು ಕಣ್ಣಿರುವವರಿಗಾಗಿ ಕಟ್ಟಿದ ಊರಿನಲ್ಲಿ ಓಡಾಡಬೇಕಾದಾಗ ಎಂಬುದು ಅವನ ನಿಲುವು. ಬೆರಳಿಗೆ ಸಿಗುವ ಚುಕ್ಕಿಯಾದರೇನು, ಕಣ್ಣಿಗೆ ಬೀಳುವ ಶಾಯಿಯಾದರೇನು, ಅರ್ಥ ದಾಟಿದರೆ ಓದು ಓದೇ.

ಗೋಡೆ ಇಟ್ಟಿಗೆಯದೇ ಆಗಬೇಕಿಲ್ಲ, ನಮ್ಮ ಲಿಪಿಯನ್ನೇ ನೋಡಿ. ಇಂಗ್ಲಿಷಿಗೆ 26 ಅಕ್ಷರ. ಕನ್ನಡಕ್ಕೆ ವರ್ಣಮಾಲೆ ಐವತ್ತರ ಸುಮಾರು, ಕಾಗುಣಿತ ಬಿಡಿಸಿದರೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಕನ್ನಡ ಕಲಿಯುವ ಮಕ್ಕಳನ್ನು ಗಮನಿಸಿದ ಸೊನಾಲಿ ನಾಗ್ ಅವರ ಸಂಶೋಧನೆ ಕಂಡಂತೆ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಇಂಗ್ಲಿಷಿನ ಗಡಿಯಾರ ಹಿಡಿದು ಎರಡನೇ ಕ್ಲಾಸಿನ ಕನ್ನಡದ ಮಗುವಿಗೆ ಡಿಸ್ಲೆಕ್ಸಿಯಾ ಎಂದರೆ ತಪ್ಪಾಗಬಹುದು. ನಿಜಕ್ಕೂ ತೊಡಕಿರುವ ಮಗುವನ್ನು ‘ಒತ್ತಕ್ಷರ ಎಲ್ಲರಿಗೂ ಕಷ್ಟವೇ’ ಎಂದು ಬಿಟ್ಟುಬಿಟ್ಟರೂ ತಪ್ಪೇ.

ಗೋಡೆಯ ಕಡೆಯಿಂದ ಯೋಚಿಸಿದ ಪ್ರಯತ್ನ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ರಿಷಿ ವ್ಯಾಲಿಯ ಶಾಲೆಗಳನ್ನು ಕಂಡುಬಂದು ಕಟ್ಟಿದ ನಲಿ-ಕಲಿ. ಅಲ್ಲಿ ಪಾಠ ‘ಅ’ದಿಂದ ಶುರುವಾಗುವುದಿಲ್ಲ, ರ, ಗ, ಸ, ದ, ಅ ಬಂದರೆ ಸಾಕು, ಸರ, ಅಗಸ, ಗರಗಸ ಎಂದು ಓದತೊಡಗಬಹುದು. ಮಕ್ಕಳು ಕೂರುವುದು ತಟ್ಟೆಗಳಲ್ಲಿ: ಒಂದರಲ್ಲಿ ಶಿಕ್ಷಕಿಯ ಪೂರ್ತಿ ಬೆಂಬಲ, ಇನ್ನೊಂದರಲ್ಲಿ ಸ್ವಲ್ಪ, ಮತ್ತೊಂದರಲ್ಲಿ ಗೆಳೆಯರದು, ಕೊನೆಗೆ ಸ್ವಕಲಿಕೆ. ವೈಗಾಟ್‌ಸ್ಕಿಯನ್ನು ನೆಲದ ಮೇಲೆ ಹಾಸಿದಂತಿದೆ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಕಲಿಕೆಯ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಪಾಠದ ಕಾರ್ಡುಗಳು ಹರಿದಿವೆ, ದಾಖಲೆ ಬರೆದು ಸಾಕಾಗಿದೆ ಎಂಬ ಶಿಕ್ಷಕರ ದೂರು ಸುಳ್ಳಲ್ಲ. ನಾಲ್ಕನೇ ತರಗತಿಗೆ ಬಂದೊಡನೆ ಎಲ್ಲರೂ ಒಂದೇ ದಿನ ಒಂದೇ ಪುಟ ತೆರೆಯಬೇಕು ಎಂಬುದೂ ನಿಜ.

ಹೀಗೆ ಗೋಡೆಯ ಕಡೆಯಿಂದ ನೋಡುವುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಎಲ್ಲವನ್ನೂ ಗೋಡೆಯ ಮೇಲೆ ಹೊರಿಸಿದರೆ ಆಯಿತೇ? ಸೆರೆಬ್ರಲ್ ಪಾಲ್ಸಿ ಇರುವ ಹನ್ನೆರಡು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ನಿಂತ ತಾಯಿಗೆ, ನಿಮ್ಮ ಮಗನ ಕಷ್ಟ ಸಮಾಜ ಕಟ್ಟಿದ್ದು ಎಂದು ಹೇಳುವ ಧೈರ್ಯ ನನಗಿಲ್ಲ. ಮೆಟ್ಟಿಲನ್ನೆಲ್ಲ ಕೆಡವಿದರೂ ಆ ಮಗುವಿನ ಸ್ನಾಯುವಿನ ಬಿಗಿತ ಸಡಿಲವಾಗದು. ಒಪ್ಪುತ್ತೇನೆ. ಆದರೆ ಶಾಲೆಯ ಹೊಣೆ ಕಷ್ಟದ ಮೂಲ ಎಲ್ಲಿದೆ ಎಂಬುದರಿಂದ ಹುಟ್ಟುವುದಲ್ಲ. ಆರು ತುಂಬಿದ ಪ್ರತಿ ಮಗುವೂ ಬರಬೇಕೆಂದು ಕಾನೂನು ಮಾಡಿ ಕರೆದವರು ನಾವು. ಊಟಕ್ಕೆ ಕರೆದಮೇಲೆ ಎಲೆ ಹಾಕಬೇಕು. ಬಂದವರಿಗೆ ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿ ತರಬೇಕು, ಅವರ ಮಂಡಿ ನೋವಿಗೆ ಕಾರಣ ಯಾರಾದರೂ ಆಗಿರಲಿ. ಈ ಕಣ್ಣಿನಿಂದ ನೋಡಿದರೆ ವೈದ್ಯಕೀಯ ಮಂಡಳಿ ಕೊಡುವ ವೈಕಲ್ಯದ ಸರ್ಟಿಫಿಕೇಟು ಮಗುವಿನ ಜಾತಕವಲ್ಲ, ಶಾಲೆ ಬರೆದುಕೊಟ್ಟ ಸಾಲಪತ್ರ. ಇಂಥ ಮಗುವಿಗೆ ಇಷ್ಟು ಹೆಚ್ಚಿನ ಸಮಯ, ಇಂಥ ಪುಸ್ತಕ, ಇಂಥ ಶಿಕ್ಷಕರು ಬಾಕಿ ಎಂದು ಅದರಲ್ಲಿ ಓದಬೇಕು. ಸಾಲ ತೀರಿಸದವನನ್ನು ಬಿಟ್ಟು ಸಾಲ ಕೊಟ್ಟವನ ಹಣೆಗೆ ಚೀಟಿ ಅಂಟಿಸುವ ಪದ್ಧತಿ ಬೇರೆ ಯಾವ ವ್ಯವಹಾರದಲ್ಲೂ ಇಲ್ಲ.

ತಂಗಿಯ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಹುಡುಗ ಈಗ ‘ಸೂರ್ಯ’ ಸರಿಯಾಗಿ ಬರೆಯುತ್ತಾನೆ, ಪುಟಗಟ್ಟಲೆ. ಅವನ ಹಳೆಯ ವಾದ ನೆನಪಾಗಿ, “ಅಲ್ವೋ, ಬಾಯಲ್ಲಿ ಹೇಳುವಾಗ ರ್ ಮೊದಲು ತಾನೇ ಬರೋದು?” ಎಂದು ಕೇಳಿದೆ. ಅವನು ಪುಸ್ತಕ ನೋಡಲಿಲ್ಲ, ಹೇಳಿಯೂ ನೋಡಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

“ಇಲ್ಲ ಮಾವ,” ಅಂದ. “ಆಮೇಲೆ.”