‘ನೀನು’ ಅಂದದ್ದಕ್ಕೆ

ಕಳೆದ ವರ್ಷ, ನಲವತ್ತಾರನೆಯ ವಯಸ್ಸಿನಲ್ಲಿ, ನಾನು ಫ್ರೆಂಚ್ ಕಲಿಯಲು ಹೋದೆ. ತರಗತಿಯಲ್ಲಿದ್ದವರೆಲ್ಲ ಹೆಚ್ಚುಕಡಿಮೆ ನನ್ನ ಮಗಳ ಪ್ರಾಯದವರು. ಮೂರನೆಯ ವಾರ ಅಧ್ಯಾಪಕಿಯನ್ನು ಏನನ್ನೋ ಕೇಳುವಾಗ ‘ವೂ’ ಅನ್ನುವ ಬದಲು ‘ತ್ಯು’ ಅಂದುಬಿಟ್ಟೆ. ಅಂದರೆ ‘ನೀವು’ ಎನ್ನಬೇಕಾದಲ್ಲಿ ‘ನೀನು’. ಹಿಂದಿನ ಬೆಂಚಿನಿಂದ ಒಂದು ನಗು ಕೇಳಿಸಿತು. ಅದರಲ್ಲಿ ವಿಷವೇನೂ ಇರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಕಥೆ ಬರೆದು ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಂಡವನು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಗೊತ್ತಿಲ್ಲದ್ದನ್ನು ಕಲಿಯಲೆಂದೇ ಹೋದವನಿಗೆ, ಗೊತ್ತಿಲ್ಲವೆಂಬುದು ಬಯಲಾದರೆ ನಾಚಿಕೆ ಯಾಕಾಗಬೇಕು? 1986ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ವಿದೇಶಿ ಭಾಷೆಯ ತರಗತಿಯಲ್ಲಿ ಹುಟ್ಟುವ ಈ ಅಳುಕನ್ನು ಅಳೆಯಲು 33 ಹೇಳಿಕೆಗಳ ಪಟ್ಟಿಯನ್ನೇ ಸಿದ್ಧಪಡಿಸಿದ್ದರು. ನನಗೆ ತೋಚುವುದಿಷ್ಟು: ಗಣಿತದಲ್ಲಿ ಎಡವಿದರೆ ಲೆಕ್ಕ ತಪ್ಪುತ್ತದೆ, ಮಾತಿನಲ್ಲಿ ಎಡವಿದರೆ ಮನುಷ್ಯನೇ ಸಣ್ಣವನಾಗಿ ಕಾಣುತ್ತಾನೆ. ತಲೆಯಲ್ಲಿ ನಲವತ್ತಾರರ ವಿಚಾರ, ನಾಲಿಗೆಯಲ್ಲಿ ಮೂರು ವರ್ಷದ ಮಗುವಿನ ವಾಕ್ಯ. ಈ ಅಂತರವನ್ನು ಎದುರಿನವರು ನೋಡಿಬಿಟ್ಟರಲ್ಲ ಎಂಬ ಸಂಕಟವನ್ನು ನಾನು ವಿನಯವೆಂದು ಕರೆದುಕೊಂಡಿದ್ದೆ. ಅದು ಹೆಚ್ಚಿನ ಪಾಲು ಅಹಂಕಾರವೇ.

ಫ್ರೆಂಚ್ ಕೂಡ ಪರೀಕ್ಷಿಸುವ ಭಾಷೆಯೇ. ಕನ್ನಡದ ಮೇಜು, ಪುಸ್ತಕಗಳಿಗೆ ನಪುಂಸಕಲಿಂಗದ ನೆಮ್ಮದಿಯಿದೆ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗ, ಚಾಂದ್ ಪುಲ್ಲಿಂಗ. ಫ್ರೆಂಚಿಗೆ ಬಂದರೆ ಪುಸ್ತಕ ಗಂಡಾಯಿತು, ಚಂದ್ರ ಹೆಣ್ಣಾದ! ಅವರ ‘ರ’ಕಾರ ಮಾತ್ರ ನಮ್ಮ ಗಜಲಿನ ‘ಗೈನ್’ ಅಕ್ಷರದ ಹತ್ತಿರದ್ದು; ಅದನ್ನು ಉಚ್ಚರಿಸಿ ಒಂದು ದಿನ ಮೆಚ್ಚುಗೆ ಗಿಟ್ಟಿಸಿದೆ. ಅಂದು ಬಸ್ಸಿನಲ್ಲಿ ಒಬ್ಬನೇ ನಗುತ್ತ ಮನೆಗೆ ಬಂದಿದ್ದೆ.

ಆದರೆ ನನ್ನ ನಾಚಿಕೆ ಅಗ್ಗದ್ದು. ಬೇಡವೆನಿಸಿದರೆ ನಾಳೆಯೇ ತರಗತಿ ಬಿಡಬಹುದು. 1956ರಲ್ಲಿ ಹಂಗೇರಿಯ ಬಂಡಾಯ ಹತ್ತಿಕ್ಕಲ್ಪಟ್ಟಾಗ ಇಪ್ಪತ್ತೊಂದರ ಅಗೋತಾ ಕ್ರಿಸ್ತೋಫ್ ಹಸುಗೂಸಿನೊಂದಿಗೆ ಗಡಿ ದಾಟಿ ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್ ಸೇರಿದರು. ಗಡಿಯಾರದ ಕಾರ್ಖಾನೆಯಲ್ಲಿ ಕೂಲಿ. ನಾಲ್ಕನೆಯ ವಯಸ್ಸಿಗೇ ಓದಲು ಕಲಿತಿದ್ದ ಆಕೆ, ಐದು ವರ್ಷ ಕಳೆದರೂ ಫ್ರೆಂಚ್ ಮಾತಾಡಬಲ್ಲರೇ ಹೊರತು ಓದಲಾರರು. ಮತ್ತೆ ತರಗತಿಯಲ್ಲಿ ಕುಳಿತರು. 1986ರಲ್ಲಿ ಅದೇ ಭಾಷೆಯಲ್ಲಿ ಬಂದ ಕಾದಂಬರಿ ಅವರಿಗೆ ಹೆಸರು ತಂದಿತು. ಆದರೂ 2004ರ ಆತ್ಮಕಥನಕ್ಕೆ ‘ನಿರಕ್ಷರಿ’ ಎಂದೇ ಶೀರ್ಷಿಕೆ ಕೊಟ್ಟರು. ಫ್ರೆಂಚನ್ನು ಅವರು ಶತ್ರುಭಾಷೆ ಎಂದರು. ತನ್ನ ತಾಯಿನುಡಿಯನ್ನು ಅದು ಕೊಲ್ಲುತ್ತಿದೆ ಎಂಬ ಕಾರಣಕ್ಕೆ. ಇದನ್ನೂ ಅಹಂಕಾರವೆನ್ನಲು ನನಗೆ ಬಾಯಿ ಬರುವುದಿಲ್ಲ. ಕಲಿಯದೆ ಗತಿಯಿಲ್ಲದವರ ನಾಚಿಕೆಯ ಜಾತಿಯೇ ಬೇರೆ.

ಅದು ನನಗೆ ಗೊತ್ತಿರಬೇಕಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮಿಯೊಂದಿಗೆ ಒಂದು ಕಚೇರಿಗೆ ಹೋಗಿದ್ದೆ. ಆಕೆಗೆ ಗೊತ್ತಿದ್ದುದು ಮನೆಯ ದಖನಿ, ಸಂತೆಯ ಕನ್ನಡ. ಅಲ್ಲಿನ ಗುಮಾಸ್ತರಿಗೆ, “ನೀನು ಸ್ವಲ್ಪ ನೋಡು ಸಾರ್” ಅಂದರು. ಅವರ ಮುಖ ಗಂಟಿಕ್ಕಿತು. ನಾನು ಅವರ ಪರ ವಹಿಸಿದೆ. “ನೀವು ಅನ್ನಬೇಕಮ್ಮಿ, ಅಷ್ಟೂ ಗೊತ್ತಾಗಲ್ವಾ?” ಎಂದು ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ ಗದರಿದೆ. ನನ್ನ ಕನ್ನಡ ಶುದ್ಧವಿದೆಯೆಂದು ಆ ಗುಮಾಸ್ತರಿಗೆ ತಿಳಿಯಲೇಬೇಕಿತ್ತು. ಆಮೇಲೆ ಅಮ್ಮಿ ನನ್ನೆದುರು ಯಾರೊಂದಿಗೂ ಕನ್ನಡ ಆಡಿದ್ದನ್ನು ನಾನು ಕೇಳಿಲ್ಲ.

ಫ್ರೆಂಚ್ ತರಗತಿಯಲ್ಲಿ ಕಿವಿ ಬಿಸಿಯಾದ ಸಂಜೆ ಆಕೆಯ ಮಂಚದ ಬಳಿ ಕುಳಿತು ನಡೆದದ್ದನ್ನು ಹೇಳಿದೆ. ಆ ಕಚೇರಿಯ ಸುದ್ದಿ ಎತ್ತಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಬದಲಿಗೆ, “ಇವರು ಎಂಬತ್ತಕ್ಕೆ ನಾಲ್ಕು ಇಪ್ಪತ್ತು ಅನ್ನುತ್ತಾರಮ್ಮಿ” ಅಂದೆ.

“ಅದರಲ್ಲೇನು ವಿಶೇಷ? ನನ್ನ ನಾನಿಯೂ ಮೊಟ್ಟೆ ಎಣಿಸುವಾಗ ಚಾರ್ ಬೀಸ್ ಅನ್ನುತ್ತಿದ್ದಳು,” ಅಂದರು ಅಮ್ಮಿ. ಮತ್ತೆ, “ಅವರ ಭಾಷೆಯಲ್ಲಿ ಹೇಳು, ಕೇಳೋಣ.”

“ಕತ್ರ್ ವ್ಯಾಂ.”

ಅಮ್ಮಿ ಸೆರಗು ಬಾಯಿಗಿಟ್ಟು ನಕ್ಕರು. ಇನ್ನೊಮ್ಮೆ ಹೇಳು ಅಂದರು. ಹೇಳಿದೆ.